ಕಂಪ್ಯೂಟರ್ ಕ್ಯಾಬಿನೆಟ್ ಫ್ಯಾನಿಗೆ ಮ್ಯಾಗ್ನೆಟ್ ಜಾಲರಿ: ಹೊಸಪೇಟೆ ಧೂಳಿನಲ್ಲಿ ಹತ್ತು ವಾರ

ನನ್ನದು ಹೊಸಪೇಟೆಯಲ್ಲಿ ಒಂದು ಡಿಟಿಪಿ ಅಂಗಡಿ. ಸಂಡೂರಿನ ಕಡೆ ಹೋಗುವ ರಸ್ತೆಗೇ ಬಾಗಿಲು. ಲಗ್ನಪತ್ರಿಕೆ, ಆಲ್ಬಂ, ಮದುವೆ ವಿಡಿಯೊ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚೆ ಇಲ್ಲಿ ಅದಿರು ಲಾರಿಗಳು ಹೇಗೆ ಓಡುತ್ತಿದ್ದವು ಎಂದು ಕಂಡವರಿಗೆ ಈಗಿನ ಧೂಳು ಕಡಿಮೆ ಅನ್ನಿಸಬಹುದು. ಆದರೂ ಬೆಳಗ್ಗೆ ಒರೆಸಿದ ಟೇಬಲ್ ಸಂಜೆಯ ಹೊತ್ತಿಗೆ ಕೆಂಪಗಾಗುತ್ತದೆ.

ಮಾರ್ಚ್ ಮೊದಲ ವಾರ ಒಂದು ಮದುವೆ ವಿಡಿಯೊ ಎಕ್ಸ್‌ಪೋರ್ಟ್ ಆಗುತ್ತಿತ್ತು. ಅರ್ಧ ಆಗುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆಫ್ ಆಯಿತು. ಮರುದಿನ ಮತ್ತೆ ಹಾಗೇ ಆಯಿತು. ಅಲ್ಲಿಂದ ಶುರುವಾದ ಕೆಲಸ ಇದು. ದಿನಾಂಕದ ಪ್ರಕಾರ ಬರೆದಿಟ್ಟಿದ್ದೆ. ತಪ್ಪಿದ್ದನ್ನೂ ಬಿಟ್ಟಿಲ್ಲ, ಏಕೆಂದರೆ ಹೆಚ್ಚು ಸಮಯ ಹೋಗಿದ್ದು ಅಲ್ಲೇ.

ಮಾರ್ಚ್ 9, 2025, ಭಾನುವಾರ: ಬಿಚ್ಚಿ ನೋಡಿದ್ದು

ಪ್ರೊಸೆಸರ್ ರೈಜನ್ 5 3600, ಅದನ್ನು ತಣ್ಣಗಿಡಲು ಜೊತೆಗೇ ಬಂದ ಕೂಲರ್. ಮುಂದೆ ಒಳಗೆ ಗಾಳಿ ಎಳೆಯುವ ಎರಡು 120 ಮಿಮೀ ಫ್ಯಾನ್, ಹಿಂದೆ ಹೊರಗೆ ದೂಡುವ ಒಂದು. ಪವರ್ ಸಪ್ಲೈ ಕೆಳಗಿದೆ, ಅದಕ್ಕೆ ಕ್ಯಾಬಿನೆಟ್ ಜೊತೆಗೇ ಬಂದ ಜಾಲರಿ ಇದೆ. ಮುಂದಿನ ಫ್ಯಾನುಗಳಿಗೆ ಏನೂ ಇಲ್ಲ.

ಕೂಲರಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಲ್ಲಿ ಬಿಡಿಸಿ, ಪಕ್ಕದ ಗ್ಯಾರೇಜಿನಿಂದ ಬ್ಲೋವರ್ ತಂದು ಊದಿದೆ. ಊದುವಾಗ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಿನಲ್ಲಿ ಹಿಡಿದುಕೊಂಡಿದ್ದೆ. ಹಾಗೆ ಬಿಟ್ಟರೆ ಮಿತಿ ಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಅಳತೆಗೆ ಒಂದೇ ಪರೀಕ್ಷೆ ಇಟ್ಟುಕೊಂಡೆ. ಅದೇ 12 ನಿಮಿಷದ ವಿಡಿಯೊ ಎಕ್ಸ್‌ಪೋರ್ಟ್, ಮಧ್ಯಾಹ್ನ ಮೂರರ ಸುಮಾರಿಗೆ, ಗೋಡೆಯ ಥರ್ಮಾಮೀಟರ್ 34 ಡಿಗ್ರಿ ತೋರಿಸುವಾಗ. ಸ್ವಚ್ಛ ಮಾಡುವ ಮುಂಚೆ ಪ್ರೊಸೆಸರ್ ಐದೇ ನಿಮಿಷಕ್ಕೆ 95 ಡಿಗ್ರಿ ಮುಟ್ಟುತ್ತಿತ್ತು. ಈ ಚಿಪ್ಪಿಗೆ ಅದೇ ಮೇಲಿನ ಮಿತಿ. ಸ್ವಚ್ಛ ಮಾಡಿದ ಮೇಲೆ 74ಕ್ಕೆ ನಿಂತಿತು. ಬರೀ ಧೂಳಿನಿಂದ 21 ಡಿಗ್ರಿ!

ಹೀಗೆ ಬಿಟ್ಟರೆ ಮಳೆಗಾಲಕ್ಕೆ ಮುಂಚೆಯೇ ಮತ್ತೆ ಬಿಚ್ಚಬೇಕು. ಜಾಲರಿ ಬೇಕೇ ಬೇಕು. ಆದರೆ ಸ್ಕ್ರೂ ಹಾಕಿ ಕೂರಿಸುವ ಜಾಲರಿ ನನಗೆ ಬೇಡ. ಸ್ಕ್ರೂ ಬಿಚ್ಚಬೇಕು ಅಂದರೆ ಯಾರೂ ವಾರಕ್ಕೊಮ್ಮೆ ತೊಳೆಯುವುದಿಲ್ಲ. ತೊಳೆಯದ ಜಾಲರಿ ಇದ್ದರೆ ಗಾಳಿಯೂ ಇಲ್ಲ, ಅದಕ್ಕಿಂತ ಇಲ್ಲದಿರುವುದೇ ವಾಸಿ. ಒಂದು ಕೈಯಲ್ಲಿ ಎಳೆದರೆ ಬರಬೇಕು, ಹತ್ತಿರ ಹಿಡಿದರೆ ಕೂರಬೇಕು. ಅದಕ್ಕೇ ಮ್ಯಾಗ್ನೆಟ್.

ಮಾರ್ಚ್ 16: ಬಿಲ್ಲೆ ಮ್ಯಾಗ್ನೆಟ್ಟು, ಸೊಳ್ಳೆ ಪರದೆ

ತರಿಸಿದ್ದು: ನಿಯೋಡೈಮಿಯಮ್ ಬಿಲ್ಲೆ, 10 ಮಿಮೀ ಅಗಲ, 2 ಮಿಮೀ ದಪ್ಪ, 20 ಬಿಲ್ಲೆಗೆ 240 ರೂಪಾಯಿ. ಸೊಳ್ಳೆ ಪರದೆಯ ತುಂಡು 40 ರೂಪಾಯಿ. ಸೂಪರ್ ಗ್ಲೂ.

ಮುಂದಿನ ಪ್ಲಾಸ್ಟಿಕ್ ಮುಖ ಎಳೆದರೆ ಕಳಚಿ ಬರುತ್ತದೆ. ಅದರ ಹಿಂದೆ ಕಬ್ಬಿಣದ ತಗಡು, ಆ ತಗಡಿನ ಒಳಮೈಗೆ ಫ್ಯಾನುಗಳು. ಮ್ಯಾಗ್ನೆಟ್ ಚೆನ್ನಾಗಿ ಹಿಡಿಯಿತು. ಕೆಲವು ಕ್ಯಾಬಿನೆಟ್ ಅಲ್ಯೂಮಿನಿಯಂ ಇರುತ್ತವೆ, ಅವಕ್ಕೆ ಹಿಡಿಯುವುದಿಲ್ಲ. ತರಿಸುವ ಮುಂಚೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಿ.

ಪರದೆಯನ್ನು 140 ಮಿಮೀ ಚೌಕ ಕತ್ತರಿಸಿ ನಾಲ್ಕು ಮೂಲೆಗೆ ನಾಲ್ಕು ಬಿಲ್ಲೆ ಅಂಟಿಸಿದೆ. ಇಲ್ಲಿ ಮೂರು ತಪ್ಪು ಮಾಡಿದೆ.

ಮೊದಲನೆಯದು, ಬಿಲ್ಲೆಗಳನ್ನು ಹತ್ತಿರ ಹತ್ತಿರ ಇಟ್ಟುಕೊಂಡು ಅಂಟು ಹಚ್ಚಿದೆ. ಒಂದು ಬಿಲ್ಲೆ ಹಾರಿ ಇನ್ನೊಂದಕ್ಕೆ ಬಡಿಯಿತು. ಅಂಟಿನ ಸಮೇತ ಎರಡೂ ಒಂದಾದವು, ಒಂದರ ಅಂಚು ಒಡೆಯಿತು. ಈ ಮ್ಯಾಗ್ನೆಟ್ಟುಗಳು ಗಾಜಿನ ಹಾಗೆ ಪೆಳಸು. ಒಂದೊಂದನ್ನೇ, ಕನಿಷ್ಠ ಒಂದು ಗೇಣು ದೂರದಲ್ಲಿ ಇಟ್ಟು ಕೆಲಸ ಮಾಡಬೇಕು.

ಎರಡನೆಯದು, ಬಿಲ್ಲೆಯ ಮೈ ಉಜ್ಜದೆ ಅಂಟಿಸಿದೆ. ನಿಕ್ಕಲ್ ಲೇಪ ಕನ್ನಡಿಯ ಹಾಗಿರುತ್ತದೆ, ಅಂಟಿಗೆ ಹಿಡಿತ ಸಿಗುವುದಿಲ್ಲ. ಸಂಜೆ ಪರದೆ ಎಳೆದಾಗ ಪರದೆ ಮಾತ್ರ ಕೈಗೆ ಬಂತು, ನಾಲ್ಕೂ ಬಿಲ್ಲೆ ತಗಡಿಗೇ ಅಂಟಿಕೊಂಡಿದ್ದವು. 120 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಎರಡು ಟ್ಯೂಬ್ ಬೆರೆಸುವ ಎಪಾಕ್ಸಿಯಲ್ಲಿ ಮತ್ತೆ ಅಂಟಿಸಿದೆ. ಆಮೇಲೆ ಒಂದೂ ಕಿತ್ತಿಲ್ಲ.

ಮೂರನೆಯದು ದೊಡ್ಡದು, ಅದು ಗೊತ್ತಾಗಿದ್ದು ಹತ್ತು ದಿನದ ಮೇಲೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಗೆ ಅಕ್ಕನ ಮಗು ಬರುತ್ತದೆ. ಮಕ್ಕಳು ಇಂಥ ಬಿಲ್ಲೆ ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಒಂದಕ್ಕೊಂದು ಅಂಟುತ್ತವೆ, ಕರುಳು ತೂತಾಗುತ್ತದೆ. ದಿನವೂ ಎಣಿಸಿ ಡಬ್ಬಿಗೆ ಹಾಕಿ ಮೇಲೆ ಇಡುತ್ತಿದ್ದೆ. ಒಡೆದ ಚೂರನ್ನೂ ಎಣಿಸಿದ್ದೇನೆ.

ಮಾರ್ಚ್ 26: ಕಪ್ಪು ಕೂದಲು

ಹತ್ತು ದಿನಕ್ಕೆ ಪರದೆ ತೆಗೆದು ನೋಡಿದೆ. ಪರದೆ ಹೆಚ್ಚೂಕಡಿಮೆ ಸ್ವಚ್ಛವಾಗಿಯೇ ಇತ್ತು. ಫ್ಯಾನಿನ ರೆಕ್ಕೆ ಮಾತ್ರ ಕೆಂಪು. ಅಂದರೆ ಧೂಳು ಪರದೆಯ ತೂತಿನಿಂದ ಸಲೀಸಾಗಿ ಒಳಗೆ ಹೋಗಿದೆ. ಸೊಳ್ಳೆಯನ್ನು ತಡೆಯುವ ತೂತು ಒಂದು ಮಿಲಿಮೀಟರಿಗಿಂತ ದೊಡ್ಡದು, ಅದು ಧೂಳನ್ನು ಹೇಗೆ ತಡೆಯುತ್ತದೆ? ಕೂದಲು, ನೂಲು, ಹುಳ ಅಷ್ಟೇ ನಿಂತಿದ್ದವು.

ಬದಿಗಳೂ ಸೋರಿದ್ದವು. ಮೂಲೆಯಲ್ಲಿ ಮಾತ್ರ ಮ್ಯಾಗ್ನೆಟ್ ಇದ್ದುದರಿಂದ ನಡುವೆ ಪರದೆ ಎದ್ದು ನಿಂತಿತ್ತು. ಮೂರನೇ ತಪ್ಪು ಅಂದೆನಲ್ಲ, ಅದು ಇದೇ. ಹಿಡಿತ ನಾಲ್ಕು ಕಡೆ ಇದ್ದರೆ ಸಾಲದು, ಸುತ್ತ ಇರಬೇಕು.

ಆದರೆ ನನ್ನ ಕಣ್ಣು ನಿಂತಿದ್ದು ಬಿಲ್ಲೆಗಳ ಮೇಲೆ. ಒಂದೊಂದು ಬಿಲ್ಲೆಯ ಅಂಚಿಗೂ ಕಪ್ಪು ಪುಡಿ ಮುಳ್ಳುಮುಳ್ಳಾಗಿ ನಿಂತಿತ್ತು, ಚಿಕ್ಕ ಕೂದಲಿನ ಹಾಗೆ. ಇದು ನಮ್ಮ ರಸ್ತೆಯ ಧೂಳು. ಸಂಡೂರು ಬೆಟ್ಟದ ಅದಿರು ಹೆಚ್ಚಾಗಿ ಹೆಮಟೈಟ್, ಕೆಂಪು ಬಣ್ಣ ಅದರದ್ದೇ. ಹೆಮಟೈಟ್ ಮ್ಯಾಗ್ನೆಟ್ಟಿಗೆ ಅಷ್ಟಾಗಿ ಬರುವುದಿಲ್ಲ. ಜೊತೆಗೆ ಬೆರೆತಿರುವ ಕಪ್ಪು ಮ್ಯಾಗ್ನೆಟೈಟ್ ಮಾತ್ರ ಓಡಿ ಬಂದು ಅಂಟುತ್ತದೆ. ಸಣ್ಣವರಿದ್ದಾಗ ಒಡೆದ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ರಸ್ತೆಯ ಮಣ್ಣಿನಲ್ಲಿ ಎಳೆಯುತ್ತಿದ್ದೆವಲ್ಲ, ಅದೇ ಪುಡಿ. ಇದು ಒಳಗೆ ಮದರ್‌ಬೋರ್ಡ್ ಮೇಲೆ ಬೀಳುವುದು ನನಗೆ ಬೇಡವಾಗಿತ್ತು.

ಬ್ರಷ್ಷಿಗೆ ಬರಲಿಲ್ಲ. ನೀರಿಗೂ ಬರಲಿಲ್ಲ. ಸೆಲ್ಲೋ ಟೇಪನ್ನು ಬೆರಳಿಗೆ ಅಂಟುಮೈ ಹೊರಗೆ ಬರುವಂತೆ ಸುತ್ತಿ ಒತ್ತಿ ಒತ್ತಿ ತೆಗೆದಾಗ ಬಂತು.

ನೋಡಲು ಬಂದ ಇಬ್ಬರು ಹಾರ್ಡ್ ಡಿಸ್ಕ್ ಹಾಳಾಗಲ್ವಾ ಅಂತ ಕೇಳಿದರು. ಹಾರ್ಡ್ ಡಿಸ್ಕಿನ ಒಳಗೇ ಇದಕ್ಕಿಂತ ದೊಡ್ಡ ನಿಯೋಡೈಮಿಯಮ್ ಮ್ಯಾಗ್ನೆಟ್ ಇರುತ್ತದೆ, ಅದರ ತೋಳನ್ನು ಆಡಿಸುವುದೇ ಅದು. ಕ್ಯಾಬಿನೆಟ್ಟಿನ ಹೊರಗೆ ಅಂಗೈ ಅಗಲ ದೂರದಲ್ಲಿ ಕೂತ ಈ ಚಿಕ್ಕ ಬಿಲ್ಲೆಯಿಂದ ಏನೂ ಆಗುವುದಿಲ್ಲ.

ಏಪ್ರಿಲ್ 6: ಬಟ್ಟೆ ಸಿಕ್ಕಿತು

ಯುಗಾದಿ ವಾರ ಕೆಲಸದ ಒತ್ತಡ, ಮುಟ್ಟಲಿಲ್ಲ. ಆದರೆ ಉತ್ತರ ಸಿಕ್ಕಿದ್ದು ಅದೇ ಕೆಲಸದ ನಡುವೆ. ಲಗ್ನಪತ್ರಿಕೆಯ ಸ್ಕ್ರೀನ್ ಪ್ರಿಂಟ್ ಮಾಡಿಸಲು ಹೋಗಿದ್ದೆ. ಅಲ್ಲಿ ಮರದ ಚೌಕಟ್ಟಿಗೆ ಬೋಲ್ಟಿಂಗ್ ಬಟ್ಟೆ ಎಳೆದು ಕಟ್ಟುತ್ತಿದ್ದರು. ತೆಳ್ಳಗೆ, ಗಟ್ಟಿ, ನೀರಿಗೆ ಹೆದರದ ನೈಲಾನ್. ಇಷ್ಟು ವರ್ಷ ದಿನವೂ ನೋಡಿದ ಬಟ್ಟೆ, ತಲೆಗೆ ಹೊಳೆದಿರಲಿಲ್ಲ.

ಎರಡು ತರಹದ ತುಂಡು ತಂದೆ, ಸೇರಿ 260 ರೂಪಾಯಿ. ಒಂದು ಇಂಚಿಗೆ 120 ಎಳೆ, ಇನ್ನೊಂದು ಇಂಚಿಗೆ 80 ಎಳೆ. 80ರದ್ದರಲ್ಲಿ ಎಳೆಯಿಂದ ಎಳೆಗೆ 0.32 ಮಿಮೀ, ಅದರಲ್ಲಿ ದಾರದ ದಪ್ಪ ಕಳೆದರೆ ತೂತು ಇನ್ನೂ ಚಿಕ್ಕದು. ತೂತು ಚಿಕ್ಕದಾದಷ್ಟೂ ಒಳ್ಳೆಯದು ಎಂದುಕೊಂಡು ಮೊದಲು 120 ಹಾಕಿದೆ. ಫ್ಯಾನ್ ಉಬ್ಬಸ ಬಂದವರ ಹಾಗೆ ಸದ್ದು ಮಾಡಿತು. ಮುಂದೆ ಕೈ ಹಿಡಿದರೆ ಗಾಳಿ ಎಳೆಯುವುದೇ ತಿಳಿಯಲಿಲ್ಲ.

ಅದೇ 12 ನಿಮಿಷದ ಪರೀಕ್ಷೆ, ಕೋಣೆ 34 ಡಿಗ್ರಿ:

ಜಾಲರಿ ಇಲ್ಲದೆ 74
ಸೊಳ್ಳೆ ಪರದೆ 75
80 ಎಳೆಯ ಬೋಲ್ಟಿಂಗ್ 78
ಹಳೇ ನೈಲಾನ್ ಸಾಕ್ಸ್ ಎಳೆದು ಕಟ್ಟಿದ್ದು 81
120 ಎಳೆಯ ಬೋಲ್ಟಿಂಗ್ 86

78ಕ್ಕೆ ಒಪ್ಪಿಕೊಂಡೆ. ನಾಲ್ಕು ಡಿಗ್ರಿ ಕೊಟ್ಟು ಧೂಳು ನಿಲ್ಲಿಸುವುದು ನನ್ನ ಲೆಕ್ಕದಲ್ಲಿ ಲಾಭವೇ.

ಏಪ್ರಿಲ್ 13: ರಬ್ಬರ್ ಪಟ್ಟಿ, ಮತ್ತು ಸೋಮವಾರದ ಪಾಡು

ಸುತ್ತಲೂ ಹಿಡಿಯಬೇಕು ಅಂದರೆ ಪಟ್ಟಿಯೇ ಬೇಕು. ಫ್ರಿಜ್ ಬಾಗಿಲಿನ ರಬ್ಬರಿನೊಳಗೆ ಇರುತ್ತದಲ್ಲ, ಆ ಜಾತಿಯ ಬಗ್ಗುವ ಮ್ಯಾಗ್ನೆಟ್. 12 ಮಿಮೀ ಅಗಲ, 1.5 ಮಿಮೀ ದಪ್ಪ, 5 ಮೀಟರಿಗೆ 420 ರೂಪಾಯಿ. ಒಂದು ಬದಿಗೆ ಅಂಟು ಬಂದಿರುತ್ತದೆ. ಕತ್ತರಿಯಲ್ಲೇ ಕತ್ತರಿಸಬಹುದು. ಬಿಲ್ಲೆಯಷ್ಟು ಜೋರಿಲ್ಲ, ಆದರೆ ಉದ್ದಕ್ಕೂ ಸಮನಾಗಿ ಹಿಡಿಯುತ್ತದೆ.

ಎರಡೂ ಫ್ಯಾನಿಗೆ ಸೇರಿ ಒಂದೇ ಜಾಲರಿ. ಹೊರ ಅಳತೆ 150 × 280 ಮಿಮೀ, ಒಳಗೆ ಗಾಳಿಗೆ 126 × 256. ಪಟ್ಟಿ ಬೇಕಾಗಿದ್ದು 280ರ ಎರಡು, 126ರ ಎರಡು, ಒಟ್ಟು 812 ಮಿಮೀ.

ಪಟ್ಟಿಯ ಅಂಟಿಗೆ ಬಟ್ಟೆಯನ್ನು ಸುಮ್ನೆ ಒತ್ತಿದೆ. ಎರಡು ದಿನಕ್ಕೆ ಅಂಚಿನ ಎಳೆ ಬಿಚ್ಚಿಕೊಂಡಿತು. ಕೈಯಲ್ಲಿ ಎಳೆದು ಅಂಟಿಸಿದ್ದರಿಂದ ಇಡೀ ಜಾಲರಿ ಹಪ್ಪಳದ ಹಾಗೆ ಸೊಟ್ಟಗಾಯಿತು.

ಮತ್ತೆ ಸ್ಕ್ರೀನ್ ಪ್ರಿಂಟಿನವರ ಹತ್ತಿರ ಹೋದೆ. ಅವರ ಒಂದು ಹಳೇ ಮರದ ಚೌಕಟ್ಟು ಕೇಳಿ ತಂದು ಬಟ್ಟೆಯನ್ನು ಅವರ ಪದ್ಧತಿಯಲ್ಲೇ ಬಿಗಿದೆ. ಬೆರಳಿನಲ್ಲಿ ಮೀಟಿದರೆ ತಮಟೆಯ ಹಾಗೆ ಸದ್ದು ಬರಬೇಕು, ಅಷ್ಟು ಬಿಗಿ. ಸ್ಪೈರಲ್ ಬೈಂಡಿಂಗಿಗೆ ಹಾಕುವ ಎ4 ಪಿವಿಸಿ ಶೀಟಿನಿಂದ 12 ಮಿಮೀ ಅಗಲದ ಚೌಕಟ್ಟನ್ನು ಒಂದೇ ತುಂಡಿನಲ್ಲಿ ಕತ್ತರಿಸಿದೆ. ಬಟ್ಟೆಯ ಕೆಳಗೆ ಪಿವಿಸಿ, ಮೇಲೆ ಮ್ಯಾಗ್ನೆಟ್ ಪಟ್ಟಿ, ನಡುವೆ ಎಪಾಕ್ಸಿ ತೆಳ್ಳಗೆ. ಮೇಲೆ ಎರಡು ರೀಮ್ ಎ4 ಕಾಗದ ಹೇರಿ ಒಂದು ದಿನ ಬಿಟ್ಟೆ. ಆಮೇಲೆ ಹೊರ ಅಂಚಿಗೆ ಬ್ಲೇಡ್ ಹಾಕಿ ಬಿಡಿಸಿದೆ. ನೆಟ್ಟಗೆ, ಚಪ್ಪಟೆಯಾಗಿ ಬಂತು. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಗಳಿಗೆ ಅದು.

ಪಟ್ಟಿಯ ಯಾವ ಮೈ ತಗಡಿಗೆ ಬರಬೇಕು ಎಂದು ಮೊದಲೇ ನೋಡಿಕೊಳ್ಳಿ. ಎರಡೂ ಮೈ ಒಂದೇ ಜೋರಿನಲ್ಲಿ ಹಿಡಿಯುವುದಿಲ್ಲ. ನನ್ನದರಲ್ಲಿ ಅಂಟಿಲ್ಲದ ಮೈಯೇ ಜೋರು.

ಜಾಲರಿಯನ್ನು ಪ್ಲಾಸ್ಟಿಕ್ ಮುಖದ ಹಿಂದೆ, ತಗಡಿಗೆ ಹಾಕಿದೆ. ಕೂತಿದ್ದು ನೋಡಿದರೆ ಮುಗಿಯಿತು ಅನ್ನಿಸಿತು.

ಮುಗಿದಿರಲಿಲ್ಲ. ಜಾಲರಿ ತೆಗೆಯಲು ಪ್ಲಾಸ್ಟಿಕ್ ಮುಖ ಕಳಚಬೇಕು. ಪವರ್ ಬಟನ್ನಿನ ವೈರು ಇರುವುದು ಆ ಮುಖದಲ್ಲೇ. ಒಂದು ಭಾನುವಾರ ಸಂಜೆ ಕಳಚಿ ತೊಳೆದು ಹಾಕಿದೆ. ಸೋಮವಾರ ಬೆಳಗ್ಗೆ ಗಿರಾಕಿ ಪತ್ರಿಕೆಯ ಪ್ರೂಫ್ ನೋಡಲು ಬಂದು ಕೂತಿದ್ದಾರೆ, ಬಟನ್ ಒತ್ತಿದರೆ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಪವರ್ ಸಪ್ಲೈ ಹೋಯಿತು ಎಂದೇ ಗಾಬರಿ ಬಿದ್ದೆ. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಮದರ್‌ಬೋರ್ಡಿನ ಪಿನ್ನಿನಿಂದ ಬಟನ್ ವೈರು ಜಾರಿರುವುದು ಕಂಡಿತು. ಮುಖ ಎಳೆಯುವಾಗ ನಾನೇ ಎಳೆದುಬಿಟ್ಟಿದ್ದೆ.

ಅಲ್ಲಿಗೆ ತೀರ್ಮಾನ ಆಯಿತು. ಜಾಲರಿ ಹೊರಗೇ ಬರಬೇಕು, ಏನನ್ನೂ ಕಳಚದೆ ತೆಗೆಯುವ ಹಾಗಿರಬೇಕು.

ಏಪ್ರಿಲ್ 27: ಪ್ಲಾಸ್ಟಿಕ್ಕಿಗೆ ಕಬ್ಬಿಣ

ಪ್ಲಾಸ್ಟಿಕ್ ಮುಖಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ವಾಷರ್ ಅಂಟಿಸೋಣ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಳೆಯುವ ವಾಷರ್ 30 ರೂಪಾಯಿಗೆ ತಂದೆ. ತುಕ್ಕು ಹಿಡಿಯದಿರಲಿ ಎಂದು ಸ್ಟೇನ್‌ಲೆಸ್ ಕೇಳಿ ತಂದಿದ್ದು. ಅಂಟಿಸಿ ಒಣಗಿದ ಮೇಲೆ ಜಾಲರಿ ಹಿಡಿದರೆ ಕೆಳಗೆ ಬಿತ್ತು. ಸ್ಟೇನ್‌ಲೆಸ್‌ನಲ್ಲಿ ಹೆಚ್ಚು ಬಳಸುವ 304 ಜಾತಿ ಮ್ಯಾಗ್ನೆಟ್ಟಿಗೆ ಹತ್ತುವುದಿಲ್ಲ. ಅಂಗಡಿಗೆ ಒಂದು ಬಿಲ್ಲೆ ಒಯ್ದು ಮುಟ್ಟಿಸಿ ನೋಡಿದ್ದರೆ ಆಗುತ್ತಿತ್ತು. ಎಂಟು ವಾಷರನ್ನು ಉಳಿಯಿಂದ ಎಬ್ಬಿಸುವಾಗ ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿತ್ತು. ಈಗಲೂ ಕಾಣುತ್ತದೆ.

ಎಣ್ಣೆ ಡಬ್ಬದ ತಗಡು ನೆನಪಾಯಿತು. ಹೋಟೆಲಿನವರು ಬಿಸಾಡುವ 15 ಕೆಜಿ ಡಬ್ಬ ತವರ ಲೇಪಿಸಿದ ಕಬ್ಬಿಣ. ಪಕ್ಕಾ ಹಿಡಿಯುತ್ತದೆ. ತಗಡಿನ ಕೆಲಸದವರು 15 ಮಿಮೀ ಅಗಲದ ನಾಲ್ಕು ಪಟ್ಟಿ ಕತ್ತರಿಸಿ ಅಂಚು ಅರದಲ್ಲಿ ಉಜ್ಜಿ 50 ರೂಪಾಯಿ ತೆಗೆದುಕೊಂಡರು. ಮೊದಲು ನಾನೇ ಮನೆಯ ಕತ್ತರಿಯಲ್ಲಿ ಕತ್ತರಿಸಲು ಹೋಗಿ ಹೆಬ್ಬೆರಳು ಕೊಯ್ದುಕೊಂಡಿದ್ದೆ. ತಗಡಿನ ಅಂಚು ಬ್ಲೇಡೇ. ಕೈಗವಸು ಇಲ್ಲದೆ ಮುಟ್ಟಬೇಡಿ.

ಪ್ಲಾಸ್ಟಿಕ್ ಉಜ್ಜಿ, ಎಪಾಕ್ಸಿ ಹಚ್ಚಿ, ಮುಖವನ್ನು ಮಲಗಿಸಿ, ಮತ್ತೆ ಅದೇ ಎರಡು ರೀಮ್ ಭಾರ. ಒಂದು ದಿನ. ಮೇಲೆ ಮ್ಯಾಟ್ ಕಪ್ಪು ಬಣ್ಣ, ಮನೆಯಲ್ಲಿ ಉಳಿದಿದ್ದು.

ಜಾಲರಿ ಹತ್ತಿತು. ಆದರೆ ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ಎರಡು ಬೆರಳು ಕೆಳಗೆ ಜಾರಿತ್ತು. ರಬ್ಬರ್ ಪಟ್ಟಿ ನೇರ ಎಳೆತಕ್ಕೆ ಗಟ್ಟಿ, ಜಾರುವುದಕ್ಕೆ ಅಷ್ಟಿಲ್ಲ. ಜಾಲರಿಯ ತೂಕ ಪಾರ್ಸೆಲ್ ತಕ್ಕಡಿಯಲ್ಲಿ 62 ಗ್ರಾಂ. ಫ್ಯಾನ್ ತಿರುಗುವಾಗ ಗಾಳಿಯ ಎಳೆತ ಹಿಡಿದಿಡುತ್ತದೆ, ನಿಂತ ಮೇಲೆ ಜಾರುತ್ತದೆ. ಕೆಳಗಿನ ತಗಡಿನ ಪಟ್ಟಿಯನ್ನು ಕಿತ್ತು, 3 ಮಿಮೀ ಹೊರಗೆ ಮಡಚಿದ ಇನ್ನೊಂದನ್ನು ಹಾಕಿಸಿದೆ. ಜಾಲರಿ ಈಗ ಆ ಮೆಟ್ಟಿಲ ಮೇಲೆ ಕೂರುತ್ತದೆ.

ಮೇ 4: ಊದಿನಕಡ್ಡಿ

ಗಾಳಿ ನಿಜವಾಗಿ ಜಾಲರಿಯಿಂದಲೇ ಹೋಗುತ್ತಿದೆಯಾ ಎಂದು ನೋಡಲು ಊದಿನಕಡ್ಡಿ ಹಚ್ಚಿ ಕ್ಯಾಬಿನೆಟ್ ಸುತ್ತ ಹಿಡಿದೆ. ಕೋಣೆಯ ಸೀಲಿಂಗ್ ಫ್ಯಾನ್ ಬಂದ್ ಮಾಡಿ, ಬಾಗಿಲು ಮುಚ್ಚಿ ಮಾಡಬೇಕು, ಇಲ್ಲದಿದ್ದರೆ ಹೊಗೆ ಎಲ್ಲೆಲ್ಲೋ ಓಡುತ್ತದೆ.

ಪ್ಲಾಸ್ಟಿಕ್ ಮುಖದ ಎರಡೂ ಪಕ್ಕದ ಸೀಳುಗಳಲ್ಲಿ ಹೊಗೆ ಒಳಗೆ ಹೋಯಿತು. ಹಿಂದೆ ಕಾರ್ಡ್ ಕೂರಿಸಲು ಬಿಟ್ಟ ಖಾಲಿ ಸ್ಲಾಟುಗಳ ಸಂದಿಯಲ್ಲೂ ಹೋಯಿತು. ಇಷ್ಟು ದಿನ ಮುಂದೆ ಜಾಲರಿ ಕಟ್ಟಿ ಹಿಂದಿನ ಬಾಗಿಲು ತೆರೆದಿಟ್ಟಿದ್ದೆ! ಪಕ್ಕದ ಸೀಳುಗಳಿಗೆ ಒಳಗಿನಿಂದ ಕಪ್ಪು ಟೇಪ್ ಹಾಕಿದೆ. ಹಿಂದಿನ ಸಂದಿಗೆ ಟೇಪ್ ಹಾಕಲಿಲ್ಲ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ, ಹಿಂದಿನ ಫ್ಯಾನನ್ನು ನಿಮಿಷಕ್ಕೆ 1100 ಸುತ್ತಿನಿಂದ 700ಕ್ಕೆ ಇಳಿಸಿದೆ. ಒಳಗೆ ಬರುವ ಗಾಳಿ ಜಾಸ್ತಿ, ಹೊರಗೆ ಹೋಗುವುದು ಕಡಿಮೆ ಆದರೆ ಒಳಗಿನ ಗಾಳಿಯೇ ಸಂದಿಗಳಿಂದ ಹೊರಗೆ ದೂಡುತ್ತದೆ. ಮತ್ತೆ ಊದಿನಕಡ್ಡಿ ಹಿಡಿದಾಗ ಸ್ಲಾಟಿನ ಹತ್ತಿರ ಹೊಗೆ ಹೊರಗೆ ಬಾಗಿತು. ಪರೀಕ್ಷೆಯಲ್ಲಿ 79 ಡಿಗ್ರಿ. ಒಂದು ಡಿಗ್ರಿ ಏರಿತು, ಇರಲಿ.

ಮೇ 18: ಈಗ ಹೇಗಿದೆ

ಎರಡು ಜಾಲರಿ ಮಾಡಿಟ್ಟಿದ್ದೇನೆ. ಒಂದು ಒಣಗುವಾಗ ಇನ್ನೊಂದು ಕೆಲಸದಲ್ಲಿರುತ್ತದೆ. ಭಾನುವಾರ ಮೇಲಿನ ಮೂಲೆ ಹಿಡಿದು ಎಳೆದರೆ ಬಂತು. ನಲ್ಲಿಯ ಕೆಳಗೆ ಹಿಂಬದಿಯಿಂದ ನೀರು ಬಿಟ್ಟರೆ ಕೆಂಪು ನೀರು ಇಳಿಯುತ್ತದೆ. ಎರಡು ನಿಮಿಷದ ಕೆಲಸ. ಮೊದಲ ಸಲ ಬೇಕೆಂದೇ ಎರಡು ವಾರ ತೊಳೆಯದೆ ಬಿಟ್ಟು ತೂಗಿದೆ, 62 ಗ್ರಾಂ ಇದ್ದದ್ದು 64 ಆಗಿತ್ತು. ಪರೀಕ್ಷೆಯಲ್ಲಿ 79 ಇದ್ದದ್ದು 85. ತೊಳೆದ ಮೇಲೆ ಮತ್ತೆ 79. ನಮ್ಮ ರಸ್ತೆಗೆ ವಾರಕ್ಕೊಮ್ಮೆ ಬೇಕೇ ಬೇಕು.

ರಬ್ಬರ್ ಪಟ್ಟಿಗೂ ಕಪ್ಪು ಪುಡಿ ಹತ್ತುತ್ತದೆ. ಆದರೆ ಮುಳ್ಳಾಗಿ ಅಲ್ಲ, ಸಾಲು ಸಾಲು ಗೆರೆಯಾಗಿ, ಸೀರೆಯ ಅಂಚಿನ ಪಟ್ಟೆಯ ಹಾಗೆ. ಪಟ್ಟಿಯೊಳಗೆ ಉತ್ತರ ದಕ್ಷಿಣ ಧ್ರುವಗಳು ಒಂದಾದ ಮೇಲೊಂದು ಇರುವುದರಿಂದ ಹಾಗೆ. ಈ ಪುಡಿ ತೆಗೆಯದಿದ್ದರೆ ಪಟ್ಟಿ ತಗಡಿನಿಂದ ಎದ್ದು ಹಿಡಿತ ಸಡಿಲವಾಗುತ್ತದೆ. ಒಂದು ಸಲ ಬಿಟ್ಟು ನೋಡಿದೆ, ಬಾಗಿಲು ಜೋರಾಗಿ ಹಾಕಿದ್ದಕ್ಕೆ ಜಾಲರಿ ಬಿತ್ತು. ಈಗ ತೊಳೆದ ಮೇಲೆ ಸೆಲ್ಲೋ ಟೇಪಿನಲ್ಲಿ ಒಮ್ಮೆ ಒತ್ತುತ್ತೇನೆ, ತಗಡಿಗೂ ಒಂದು ಸಲ.

ಖರ್ಚು: ಬಿಲ್ಲೆ 240, ಪರದೆ 40, ಬೋಲ್ಟಿಂಗ್ ಬಟ್ಟೆ 260, ರಬ್ಬರ್ ಪಟ್ಟಿ 420, ವಾಷರ್ 30, ತಗಡಿನ ಕೆಲಸ 50, ಅಂಟುಗಳು 70. ಒಟ್ಟು 1,110 ರೂಪಾಯಿ. ಇದರಲ್ಲಿ ಬಿಲ್ಲೆ, ಪರದೆ, ವಾಷರ್ ಸೇರಿ 310 ರೂಪಾಯಿ ಕೆಲಸಕ್ಕೆ ಬರಲಿಲ್ಲ. ನೇರವಾಗಿ ಮಾಡಿದ್ದರೆ 800ರಲ್ಲಿ ಎರಡು ಜಾಲರಿ.

ಬಿಲ್ಲೆಗಳಲ್ಲಿ ಒಂದನ್ನು ಸ್ಕ್ರೂಡ್ರೈವರಿನ ತುದಿಗೆ ಮುಟ್ಟಿಸಿ ಇಟ್ಟುಕೊಂಡಿದ್ದೇನೆ, ಒಳಗೆ ಬಿದ್ದ ಸ್ಕ್ರೂ ಎತ್ತಲು. ಉಳಿದವು ಡಬ್ಬಿಯಲ್ಲಿ, ಎಣಿಸಿ, ಮೇಲಿನ ಕಪಾಟಿನಲ್ಲಿ.

ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಇನ್ನೊಂದು ತೂತಿನ ಜಾಗ ಇದೆ, 140 ಮಿಮೀ ಫ್ಯಾನಿಗೆ ಬಿಟ್ಟಿದ್ದು. ಅಲ್ಲಿ ಫ್ಯಾನ್ ಇಲ್ಲ. ಉಳಿದ ಫ್ಯಾನುಗಳು ನಿಂತಿರುವಾಗ ರಾತ್ರಿಯೆಲ್ಲ ಧೂಳು ಅಲ್ಲಿಂದ ನೇರ ಕೆಳಗೆ ಬೀಳುತ್ತದೆ. ಅದು ಕಬ್ಬಿಣದ ತಗಡೇ, ಮುಟ್ಟಿಸಿ ನೋಡಿದ್ದೇನೆ. ರಬ್ಬರ್ ಪಟ್ಟಿ ಮೂರು ಮೀಟರಿಗಿಂತ ಜಾಸ್ತಿ ಉಳಿದಿದೆ, 80 ಎಳೆಯ ಬಟ್ಟೆಯೂ ಒಂದು ತುಂಡಿದೆ. ಮುಂದಿನ ಭಾನುವಾರ ಮತ್ತೆ ಮರದ ಚೌಕಟ್ಟು ಕೇಳಿ ತರಬೇಕು.